ಎಡಗಡೆಯಿಂದ ಬರುವವರು

"ಒತ್ರಿ ಅಕ್ಕಾರ, ಜೋರಲೇ ಒತ್ರಿ. ಮುರದ್ರ ನನ್ನ ಕೇಳ್ರಿ," ಎಂದ ಕಳಕೇಶ.

ಮಹೇಶ್ವರಿ ಜೋರಾಗಿ ಒತ್ತಲಿಲ್ಲ. ಕೆಂಪು ಗುಂಡಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಅದುಮಿದಳು. ಎಷ್ಟು ಇಳಿದ ಮೇಲೆ ಟಿಕ್ಕೆನ್ನುತ್ತದೆ, ಬಿಟ್ಟಾಗ ಎಷ್ಟು ಬೇಗ ಮೇಲೆ ಬರುತ್ತದೆ ಎಂದು ಗಮನಿಸಿದಳು. ಪಕ್ಕದ ಗುಂಡಿಗೂ ಹಾಗೆಯೇ ಮಾಡಿದಳು. ಆಮೇಲೆ ಕರಿಯ ಹಿಡಿಕೆಯನ್ನು ಎಲ್ಲ ದಿಕ್ಕಿಗೂ ವಾಲಿಸಿ ಕೈಬಿಟ್ಟಳು. ಅದು ಹಿಂದಕ್ಕೆ ಬಂದು ನೆಟ್ಟಗೆ ನಿಂತಿತು.

ಗಜೇಂದ್ರಗಡದ ಪೇಟೆಯಲ್ಲಿ ಕಳಕೇಶನದು ದೊಡ್ಡ ಅಂಗಡಿ. ಫ್ರಿಜ್ಜು, ಟೀವಿ, ಮಿಕ್ಸರುಗಳ ನಡುವೆ ಈ ಯಂತ್ರ ಹೊಸದಾಗಿ ಬಂದು ನಿಂತಿತ್ತು. ಒಂದು ಕಾಲಕ್ಕೆ ಬಸ್‌ಸ್ಟ್ಯಾಂಡಿನ ಹತ್ತಿರದ ಕತ್ತಲೆ ಖೋಲಿಗಳಲ್ಲಿ ಹುಡುಗರು ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೋ ಗೇಮಿನ ಪೆಟ್ಟಿಗೆಯನ್ನೇ ತುಸು ಗಿಡ್ಡ ಮಾಡಿ, ಮನೆಯಲ್ಲಿಟ್ಟುಕೊಂಡು ಆಡಲೆಂದು ಮಾರುತ್ತಿದ್ದರು. ನಾಣ್ಯ ಹಾಕುವ ಕಂಡಿ ಇರಲಿಲ್ಲ. ಮೈತುಂಬ ಬಣ್ಣದ ಚಿತ್ರಗಳ ಹಾಳೆ ಅಂಟಿಸಿದ್ದರು. ಎದುರಿಗೆ ಟೀವಿಯಂಥ ಪರದೆ, ಅದರ ಕೆಳಗೆ ಇಬ್ಬರು ಆಡುವಷ್ಟು ಹಿಡಿಕೆ, ಗುಂಡಿಗಳು.

ಮಹೇಶ್ವರಿ ಬಗ್ಗಿ ಪೆಟ್ಟಿಗೆಯ ಬುಡ ನೋಡಿದಳು. ಮೂಲೆಯಲ್ಲಿ ಹಾಳೆ ತುಸು ಎದ್ದಿತ್ತು. ಉಗುರಿನಿಂದ ಸರಿಸಿದರೆ ಒಳಗೆ ಹೊಟ್ಟು ಒತ್ತಿ ಮಾಡಿದ ಹಲಗೆ ಕಾಣಿಸಿತು.

"ಇದಕ್ಕ ನೀರು ತಾಗಿದ್ರ ಉಬ್ಬತೈತಿ, ಹೌದಿಲ್ಲೋ?"

"ಆಟದ ಮಿಷನ್ನಿಗೆ ನೀರ ಯಾರ ಹಾಕ್ತಾರ್ರಿ ಅಕ್ಕಾರ?"

"ನಮ್ಮ ಅತ್ತಿಯಾರ ಹಾಕ್ತಾರ. ದಿನಾ ನೆಲಾ ಒರಸ್ತಾರ. ಎದುರಿಗೆ ಏನ ಬಂದ್ರೂ ಸರಿಸೂದಿಲ್ಲ."

"ಕೆಳಗ ನಾಕ್ ರಬ್ಬರ್ ಕಾಲ ಕೂಡಸಿ ಕೊಡ್ತೀನಿ. ಅತ್ತಿಯಾರ ಕಾಲುವಿ ನೀರ ಬಿಟ್ರೂ ತಾಗೂದಿಲ್ಲ."

ಸ್ಟೂಲಿನ ಮೇಲೆ ಕೂತಿದ್ದ ರಾಯಣ್ಣ ನಕ್ಕ. "ಹಿಡಕಂಡ್ಲು ನೋಡು. ಕಳಕೇಶ, ನಾ ಹೇಳಿರಲಿಲ್ಲೇನ? ಈಕಿ ಪಾಸ್ ಮಾಡಿದ ಸಾಮಾನು ಹತ್ತ ವರ್ಷ ಕೆಡೂದಿಲ್ಲ."

ಅದು ಹುರುಪಿಗೆ ಆಡಿದ ಮಾತಲ್ಲ. ರೋಣದಲ್ಲಿ ಅವರ ಓಣಿಯವರು ಯಾವ ದೊಡ್ಡ ಸಾಮಾನು ಕೊಳ್ಳುವುದಿದ್ದರೂ ಮಹೇಶ್ವರಿಯನ್ನು ಕರೆದುಕೊಂಡು ಹೋಗುತ್ತಿದ್ದರು. ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವ ಅವಳಿಗೆ, ಹೊಸ ಪುಸ್ತಕ ಬಂದರೆ ಮೊದಲು ಬೆನ್ನಿನ ಹೊಲಿಗೆ ನೋಡುವ ಅಭ್ಯಾಸ. ಕಪಾಟಿನ ಬಾಗಿಲಿನಲ್ಲೂ ಕುಕ್ಕರಿನ ಹಿಡಿಯಲ್ಲೂ ಅದನ್ನೇ ನೋಡುತ್ತಿದ್ದಳು. ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ. ಎರಡು ಮಾತು ಆಡುತ್ತಿರಲಿಲ್ಲ. ಅಂಗಡಿಯವರಿಗೆ ಅವಳನ್ನು ಕಂಡರೆ ಒಳಗೊಳಗೆ ಕಿರಿಕಿರಿ, ಮೇಲೆ ಮರ್ಯಾದೆ.

ಇವತ್ತು ಮಾತ್ರ ಅವಳ ಅರ್ಧ ಗಮನ ಯಂತ್ರದ ಮೇಲಿದ್ದರೆ ಇನ್ನರ್ಧ ಗಂಡನ ಮೇಲಿತ್ತು. ಎರಡು ತಿಂಗಳಿಂದ ಅದು ಹಾಗೆಯೇ. ಆಗ ಒಂದು ದಿನ ಬೆಳಿಗ್ಗೆ ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವನು ತಂಬಿಗೆಯ ಸಮೇತ ಬಿದ್ದಿದ್ದ. ಗದಗಿನ ಆಸ್ಪತ್ರೆಯಲ್ಲಿ ಮಿದುಳಿಗೆ ರಕ್ತ ಹೋಗುವ ನಾಳ ಕಟ್ಟಿಕೊಂಡಿತ್ತು ಎಂದಿದ್ದರು. ಒಂದು ದಿನ ಮಾತು ತೊದಲಿತ್ತು. ಆಮೇಲೆ ಎಲ್ಲ ಸರಿಯಾಯಿತು. ಕೈ ಬಿಗಿಯಾಗಿ ಮುಷ್ಟಿ ಕಟ್ಟುತ್ತಿತ್ತು, ಕಾಲು ನೆಟ್ಟಗೆ ಬೀಳುತ್ತಿತ್ತು. ಓಣಿಯವರೆಲ್ಲ ಬಂದು ನೋಡಿ, ದೇವರು ದೊಡ್ಡವನು ಎಂದು ಹೋದರು. ತಿಂಗಳು ಬಿಟ್ಟು ಮತ್ತೆ ತೋರಿಸಲು ಹೇಳಿದ್ದರು. "ಚಲೋ ಇದ್ದಾಂವಗ ದವಾಖಾನಿ ಯಾಕ?" ಎಂದು ರಾಯಣ್ಣ ಹೋಗಿರಲಿಲ್ಲ.

ಅವಳು ಮಾತ್ರ ಬಚ್ಚಲಿನಲ್ಲಿ ತಂಬಿಗೆಯ ಸದ್ದು ನಿಂತರೆ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಮತ್ತೆ ನೀರು ಸುರಿದ ಸದ್ದು ಕೇಳಿದ ಮೇಲೆ, ಏನೋ ತೆಗೆದುಕೊಳ್ಳಲು ಬಂದವಳಂತೆ ತಿರುಗಿ ಹೋಗುತ್ತಿದ್ದಳು.

ರಾಯಣ್ಣ ಶಾಲೆಯೊಂದರ ಮಕ್ಕಳ ಗಾಡಿ ಓಡಿಸುತ್ತಿದ್ದ. ಸೋಮವಾರದಿಂದ ಮತ್ತೆ ಗಾಡಿ ಹತ್ತುವುದೆಂದು ಮಾತಾಗಿತ್ತು. ಅಲ್ಲಿಯ ತನಕ ಮೋಟಾರ್ ಸೈಕಲ್ಲನ್ನೂ ಮುಟ್ಟುವುದಿಲ್ಲ ಎಂದು ತಾಯಿಗೆ ಮಾತು ಕೊಟ್ಟಿದ್ದ. ಅದಕ್ಕೇ ಈ ಶನಿವಾರ ಬಸ್ಸಿನಲ್ಲಿ ಬಂದಿದ್ದರು. ಬಸ್ಸು ಹತ್ತುವಾಗ ಅವನ ಎಡಭುಜ ಬಾಗಿಲಿನ ಸರಳಿಗೆ ಬಡಿದದ್ದನ್ನು ಅವಳು ಹಿಂದಿನಿಂದ ನೋಡಿದ್ದಳು. ಅಂಥದೇ ಪೆಟ್ಟಿನ ಹಸಿರುಗಟ್ಟಿದ ಕಲೆಯೊಂದು ಮೊದಲೇ ಆ ಭುಜದ ಮೇಲಿತ್ತು. ಇನ್ನೂ ನಿಶ್ಶಕ್ತಿ ಇರಬೇಕು ಎಂದುಕೊಂಡಿದ್ದಳು.

ಯಂತ್ರ ಕೊಳ್ಳುವ ಮಾತು ತೆಗೆದವನು ಅವನೇ. ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ, ಕೈ ಕಣ್ಣು ಕೂಡಿ ಕೆಲಸ ಮಾಡುವಂಥದು ಏನಾದರೂ ಮಾಡಿರಿ ಎಂದಿದ್ದಳು. ಕಳಕೇಶನ ಮೊಬೈಲ್ ಸ್ಟೇಟಸ್ಸಿನಲ್ಲಿ ಈ ಪೆಟ್ಟಿಗೆ ಕಂಡ ದಿನದಿಂದ ರಾಯಣ್ಣನಿಗೆ ಆ ಮಾತು ನೆನಪಾಗತೊಡಗಿತು. ಲಾರಿ ಕ್ಲೀನರ್ ಆಗಿದ್ದ ದಿನಗಳಲ್ಲಿ ಗದಗಿನಲ್ಲಿ ಇದೇ ಆಟ ಆಡಿ, ಸುತ್ತ ನಿಂತ ಹುಡುಗರಿಂದ ಹೋ ಅನ್ನಿಸಿಕೊಂಡವನಂತೆ. ಫ್ರಿಜ್ಜಿಗೆಂದು ಎತ್ತಿಟ್ಟ ದುಡ್ಡಿತ್ತು. ಫ್ರಿಜ್ಜು ಬೇಸಿಗೆಗೆ ನೋಡೋಣ ಎಂದ. ಎರಡು ತಿಂಗಳು ಕಟ್ಟೆಯ ಮೇಲೆ ಕೂತು ಬದಲಿಗೆ ಬಂದ ಹನಮಪ್ಪ ತನ್ನ ಗಾಡಿ ಓಡಿಸುವುದನ್ನು ನೋಡಿದ ಮನುಷ್ಯ ಒಂದು ಆಸೆ ಪಟ್ಟರೆ ಬೇಡ ಎನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ.

"ನೋಡೂದ ಆತಿಲ್ಲೋ? ಇನ್ನ ಆಡಿ ನೋಡೂಣು," ಎಂದು ರಾಯಣ್ಣ ಸ್ಟೂಲನ್ನು ಮುಂದೆ ಎಳೆದುಕೊಂಡ.

"ಏ ತಮ್ಮಾ," ಎಂದು ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿದ್ದ ಮೈಮುನಬಿ ಕೂಗಿದಳು. ರಿಪೇರಿಗೆ ಕೊಟ್ಟ ಮಿಕ್ಸರಿಗಾಗಿ ಬಂದಿದ್ದ ಮುದುಕಿ. ತೊಡೆಯ ಮೇಲೆ ಅದರ ಸ್ಟೀಲಿನ ಜಾರು ಹಿಡಿದುಕೊಂಡಿದ್ದಳು. "ನನ್ನ ಮಿಕ್ಸರ್ ಕೊಟ್ಟ ಮ್ಯಾಲೆ ಆಟಾ ಹಚ್ಚು. ಮನ್ಯಾಗ ಮಸಾಲಿ ಅರೀಬೇಕು, ಸೊಸಿ ಹಾದಿ ನೋಡಾಕತ್ಯಾಳ."

"ಒಳಗ ಹುಡುಗ ಮೋಟಾರ ಕೂಡಸಾಕತ್ಯಾನ ಖಾಲಾ. ಅಲ್ಲಿತನಕ ಆಟಾ ನೋಡ್ರಿ, ಪುಗಸಟ್ಟೆ."

"ಹ್ಞೂಂ, ಈ ವಯಸ್ನ್ಯಾಗ ಅದೊಂದ ಬಾಕಿ ಇತ್ತು," ಎಂದು ಮುದುಕಿ ಕುರ್ಚಿಯನ್ನು ಪರದೆಯ ಕಡೆಗೆ ತಿರುಗಿಸಿಕೊಂಡಳು.

ಆಟ ಸರಳವಾಗಿತ್ತು. ಪರದೆಯ ನಡುವೆ ಒಬ್ಬ ಕಾವಲುಗಾರ. ಎರಡೂ ಬದಿಯಿಂದ ಕಳ್ಳರು ಬರುತ್ತಾರೆ. ಬಂದ ಕಡೆಗೆ ಹಿಡಿಕೆ ವಾಲಿಸಿ ಗುಂಡಿ ಒತ್ತಿದರೆ ಕಳ್ಳ ಬೀಳುತ್ತಾನೆ. ಕಳ್ಳ ಬಂದು ಮೈಗೆ ತಾಗಿದರೆ ಕಾವಲುಗಾರನ ಒಂದು ಜೀವ ಹೋಗುತ್ತದೆ.

ರಾಯಣ್ಣನ ಬೆರಳು ಗುಂಡಿಯ ಮೇಲೆ ಹಗುರವಾಗಿ ಕುಣಿದವು. ಬಲಗಡೆಯಿಂದ ಬಂದ ಒಬ್ಬ, ಅವನ ಹಿಂದೆ ಇನ್ನೊಬ್ಬ, ಇಬ್ಬರೂ ದೂರದಲ್ಲೇ ಬಿದ್ದರು. ಕೈಯ ಚುರುಕು ನೋಡಿ ಮಹೇಶ್ವರಿಗೆ ಎದೆ ಹಗುರಾಯಿತು. ನಿಶ್ಶಕ್ತಿ ಎಲ್ಲಿದೆ? ಸುಮ್ಮನೆ ಇಲ್ಲದ್ದನ್ನು ಕಲ್ಪಿಸಿಕೊಂಡು ನಿದ್ದೆಗೆಡುತ್ತಿದ್ದೇನೆ ಎಂದುಕೊಂಡಳು. ಅಷ್ಟರಲ್ಲಿ ಕಾವಲುಗಾರ ಚೀರಿ ಬಿದ್ದ.

"ಇದೇನ? ಯಾರೂ ಇಲ್ಲದ ಸತ್ತನಲ್ಲ?" ಎಂದ ರಾಯಣ್ಣ.

"ಎಡಕ್ಕ ಬಂದಿದ್ದನಲ್ಲಪಾ," ಎಂದಳು ಮೈಮುನಬಿ.

ಮತ್ತೆ ಶುರುವಾಯಿತು. ಬಲಗಡೆಯ ಕಳ್ಳರು ಸಾಲಾಗಿ ಬಿದ್ದರು. ಎಡಗಡೆಯಿಂದ ಒಬ್ಬ ಅವಸರವಿಲ್ಲದೆ, ಹೊಲ ನೋಡಲು ಹೊರಟ ಯಜಮಾನನಂತೆ ನಡೆದು ಬಂದು ಕಾವಲುಗಾರನನ್ನು ಮುಟ್ಟಿದ.

"ಎಡಕ್ಕ! ಎಡಕ್ಕ ನೋಡೋ ಯಪ್ಪಾ! ಅಯ್ಯ, ಕಣ್ಣೆದುರಿಗೇ ಬಂದಾನ, ಹೊಡೀಲೇ ಇಲ್ಲಲ್ಲ!" ಮುದುಕಿ ತೊಡೆಯ ಮೇಲಿನ ಜಾರನ್ನು ತಟ್ಟಿದಳು. "ಏನ್ ಡ್ರೈವರೋ ಏನೋ!"

"ಖಾಲಾ, ಗಾಡಿ ಹೊಡ್ಯೂದ ಬ್ಯಾರೆ. ಗಾಡಿ ನಾ ಕಣ್ಣ ಮುಚ್ಚಿ ಹೊಡೀತೀನಿ," ಎಂದು ರಾಯಣ್ಣ ನಕ್ಕ. ಆದರೆ ಕಿವಿ ಕೆಂಪಾಗಿತ್ತು. ಹಿಡಿಕೆಯನ್ನು ಅಲುಗಾಡಿಸಿದ. "ಕಳಕೇಶ, ಇದರಾಗ ಮೋಸ ಐತಿ. ಸುಮ್ಮ ಸುಮ್ಮನ ಸಾಯತೈತಿ."

"ಮೋಸ ಎಲ್ಲಿಂದ್ರಿ ಅಣ್ಣಾರ? ಹುಬ್ಬಳ್ಳ್ಯಾಗ ಸಾಹುಕಾರ್ರ ಮನಿಗೆಲ್ಲಾ ಹೊಂಟಾವು." ಕಳಕೇಶ ತಾನೇ ನಿಂತು ಆಡಿ ತೋರಿಸಿದ. ಎಡದವರೂ ಬಲದವರೂ ಬಿದ್ದರು.

"ನಿನಗ ರೂಢಿ ಆಗೇತಿ. ಎಡಕ್ಕ ಯಾವಾಗ ಬರ್ತಾರ ಅನ್ನೂದು ಬಾಯಿಪಾಠ."

ಮಹೇಶ್ವರಿ ಪರದೆಯನ್ನೇ ನೋಡುತ್ತಿದ್ದಳು. ಅಂಗಡಿಯ ಬಾಗಿಲಿನ ಬಿಸಿಲು ಪರದೆಯ ಎಡಭಾಗಕ್ಕೆ ಬಿದ್ದು ಹೊಳೆಯುತ್ತಿತ್ತು. ಇದೇ ಇರಬೇಕು. ಇದೇ ಆಗಿರಲಿ. "ಕಳಕೇಶ, ಇದನ್ನ ಸ್ವಲ್ಪ ಆ ಕಡೆ ತಿರುಗಸ್ತೀಯೇನ? ಬೆಳಕು ಹೊಡ್ಯಾಕತ್ತೈತಿ."

"ಆಹಾ! ಅಕ್ಕಾರ ಅಂದ್ರ ಅಕ್ಕಾರು!" ಕಳಕೇಶನೂ ಅವಳೂ ಕೂಡಿ ಪೆಟ್ಟಿಗೆಯನ್ನು ತಿರುಗಿಸಿದರು. ಈಗ ಬಿಸಿಲು ಹಿಂದಕ್ಕೆ ಹೋಯಿತು. ಪರದೆ ಮೂಲೆಯಿಂದ ಮೂಲೆಗೆ ತಿಳಿಯಾಗಿ ಬೆಳಗಿತು. ರಾಯಣ್ಣ ಬೆರಳು ನೆಟಿಗೆ ಮುರಿದು ಕೂತ. ಮಹೇಶ್ವರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಎಡಗಡೆಯಿಂದ ಒಬ್ಬ ಹೊರಟ. ನೋಡ್ರಿ, ನೋಡ್ರಿ ಎಂದು ಮನಸ್ಸಿನಲ್ಲೇ ಅಂದಳು. ರಾಯಣ್ಣನ ಕಣ್ಣು ನಡುವಿನಿಂದ ಬಲಕ್ಕೆ, ಬಲದಿಂದ ನಡುವಿಗೆ ಓಡಾಡುತ್ತಿತ್ತು. ಎಡಕ್ಕೆ ಕಳ್ಳ ಬರುತ್ತಿದ್ದಾನೆ ಎಂಬ ಗುಮಾನಿಯೂ ಆ ಮುಖದಲ್ಲಿ ಇರಲಿಲ್ಲ. ಆ ಕಡೆ ಪರದೆಯೇ ಇಲ್ಲವೇನೋ ಎಂಬಂತೆ ಆರಾಮಾಗಿ ಕೂತಿದ್ದ. ಕಾವಲುಗಾರ ಚೀರಿದ.

ಅವಳಿಗೆ ಯಾಕೋ ಊಟದ ತಾಟು ಕಣ್ಣಿಗೆ ಬಂತು.

ಅತ್ತೆ ತಾಟಿನಲ್ಲಿ ಬಡಿಸಿದರೂ ಎಲೆಯ ನಿಯಮ ಬಿಡುತ್ತಿರಲಿಲ್ಲ. ಉಪ್ಪು, ಚಟ್ನಿ, ಉಪ್ಪಿನಕಾಯಿ ಎಡಕ್ಕೆ, ಪಲ್ಯ ಬಲಕ್ಕೆ. ಆಸ್ಪತ್ರೆಯಲ್ಲಿ ಉಪ್ಪು ಖಾರ ಕಡಿಮೆ ಮಾಡಲು ಹೇಳಿದ್ದರು. ಚಟ್ನಿಯಿಲ್ಲದ ತಾಟನ್ನು ಮಗನ ಮುಂದಿಡಲು ಅತ್ತೆಗೆ ಮನಸ್ಸಾಗದೆ, ಶಾಸ್ತ್ರಕ್ಕೆಂದು ಒಂದೊಂದು ಚಿಟಿಕೆ ಇಡುತ್ತಿದ್ದಳು. ರಾಯಣ್ಣ ಅದನ್ನು ಮುಟ್ಟುತ್ತಿರಲಿಲ್ಲ. ರೊಟ್ಟಿ, ಪಲ್ಯ ತಿಂದು ಎದ್ದರೆ ಎಡಗಡೆಯದು ಇಟ್ಟಲ್ಲೇ ಇರುತ್ತಿತ್ತು. ಶೇಂಗಾ ಚಟ್ನಿಗಾಗಿ ಜಗಳ ತೆಗೆಯುತ್ತಿದ್ದ ಮನುಷ್ಯ! "ನನ್ನ ಮಗ ಸ್ವಾಮಿಗೋಳ ಆಗ್ಯಾನ ನೋಡ್ರಿ. ಎದುರಿಗೆ ಇಟ್ರೂ ಕಣ್ಣೆತ್ತಿ ನೋಡೂದಿಲ್ಲ," ಎಂದು ಅತ್ತೆ ಓಣಿಗೆಲ್ಲ ಸಾರಿದ್ದಳು. ಪಥ್ಯವೆಂದರೆ ರಾಯಣ್ಣನಂತೆ ಮಾಡಬೇಕು ಎಂದು ಓಣಿಯ ಹೆಂಗಸರು ಸಕ್ಕರೆ ಕಾಯಿಲೆಯ ತಮ್ಮ ಗಂಡಂದಿರಿಗೆ ಹೇಳುತ್ತಿದ್ದರು. ಮಹೇಶ್ವರಿಯೂ ಹೆಮ್ಮೆಪಟ್ಟಿದ್ದಳು.

ಒಂದು ದಿನ ಮಾತ್ರ ಅತ್ತೆ ಎದುರಿಗೆ ಕೂತು ತಾಟನ್ನು ತಿರುಗುಮುರುಗಾಗಿ ಸರಿಸಿದ್ದಳು. ಅವತ್ತು ರಾಯಣ್ಣ ಚಟ್ನಿ, ಉಪ್ಪಿನಕಾಯಿ ಎಲ್ಲ ಬಳಿದು ತಿಂದಿದ್ದ. ಬದನೆಕಾಯಿ ಪಲ್ಯ ಹಾಗೆಯೇ ಉಳಿದಿತ್ತು. "ಇವತ್ತ ಪಥ್ಯಾ ಮುರೀತಲ್ಲೋ!" ಎಂದು ಎಲ್ಲರೂ ನಕ್ಕಿದ್ದರು. ಅವನು ಏನೂ ತಿಳಿಯದವನಂತೆ, "ಇವತ್ತ ಪಲ್ಯಾ ಮಾಡಿಲ್ಲೇನ?" ಎಂದು ಕೇಳಿದ್ದ. ಅದನ್ನೂ ಚೇಷ್ಟೆ ಎಂದುಕೊಂಡು ಮತ್ತೆ ನಕ್ಕಿದ್ದರು.

ಮಹೇಶ್ವರಿ ಪಕ್ಕದ ಫ್ರಿಜ್ಜಿನ ಮೇಲೆ ಕೈಯೂರಿದಳು.

ಮಕ್ಕಳ ಗಾಡಿಯ ಬಾಗಿಲು ಎಡಕ್ಕಿತ್ತು. ಮಕ್ಕಳು ಎಡಕ್ಕೇ ಇಳಿಯುತ್ತಿದ್ದರು, ಎಡಕ್ಕೇ ಹತ್ತುತ್ತಿದ್ದರು. ಇಟಗಿಯ ಕ್ರಾಸಿನಲ್ಲಿ ಬೆಳಿಗ್ಗೆ ಅವು ರಸ್ತೆಯ ಎಡಬದಿಯ ಮಣ್ಣಿನಲ್ಲಿ ಒಂದನ್ನೊಂದು ನೂಕುತ್ತ ನಿಂತಿರುತ್ತಿದ್ದವು. ದೂರದಲ್ಲಿ ಗಾಡಿ ಕಂಡರೆ ಸಾಕು, ಮುಂದೆ ಮುಂದೆ ಬಂದು ಕೈ ಬೀಸುತ್ತಿದ್ದವು. ಒಮ್ಮೆ ಅವಳು ಆ ಗಾಡಿಯಲ್ಲಿ ಗಂಡನ ಹಿಂದೆ ಕೂತು ಹೋಗಿದ್ದಾಗ, ಚಿಕ್ಕ ಹುಡುಗಿಯೊಬ್ಬಳು ಮುಂದಿನ ಚಕ್ರದ ಹತ್ತಿರ ಬಿದ್ದ ಕಂಪಾಸ್ ಡಬ್ಬಿ ಎತ್ತಿಕೊಳ್ಳಲು ಬಗ್ಗಿದ್ದಳು. ರಾಯಣ್ಣ ಅವಳನ್ನು ನೋಡಿ, ಅವಳು ಎದ್ದು ದೂರ ಸರಿಯುವ ತನಕ ಕಾಲನ್ನು ಬ್ರೇಕಿನ ಮೇಲಿಂದ ತೆಗೆದಿರಲಿಲ್ಲ.

"ಅಕ್ಕಾರ, ಹೇಳ್ರಿ ಇನ್ನ. ಹ್ಯಾಂಗೈತಿ ಮಾಲು?" ಕಳಕೇಶ ಕೈ ಒರೆಸಿಕೊಳ್ಳುತ್ತ ಕೇಳಿದ.

"ಏನ ಹೇಳ್ತಾಳ? ಎಡಗಡೆ ಎಲ್ಲೋ ವೈರ್ ಸಡ್ಲ ಐತಿ ಇದರಾಗ," ಎಂದ ರಾಯಣ್ಣ. ಎದ್ದು ನಿಂತು ಅಂಗಿಯ ತೋಳು ಕೊಡವಿಕೊಂಡ. "ಮಹೇಶ್ವರಿ, ನೀನ ಹೇಳು. ನೀ ಚಲೋ ಇಲ್ಲ ಅಂದ್ರ ಹೊಂಡೂಣು ನಡಿ. ಮೂರ ಗಂಟೆ ಬಸ್ ಸಿಗತೈತಿ."

ಇಬ್ಬರೂ ಅವಳ ಮುಖ ನೋಡಿದರು. ಮಿಕ್ಸರನ್ನು ಮರೆತು ಮೈಮುನಬಿಯೂ ನೋಡಿದಳು.

ಚಲೋ ಇಲ್ಲ ಎಂದರೆ ಮುಗಿಯಿತು. ಕಳಕೇಶ ಇನ್ನೆರಡು ಮಾತು ಆಡುತ್ತಾನೆ, ಅಷ್ಟೇ. ರಾಯಣ್ಣ ಬಸ್ಸಿನ ತುಂಬ, ಹೆಂಡತಿ ಮೋಸದಿಂದ ಹೇಗೆ ಉಳಿಸಿದಳು ಎಂದು ಪಕ್ಕದವರಿಗೆ ಹೇಳುತ್ತ ಬರುತ್ತಾನೆ. ಮನೆಗೆ ಹೋದ ಮೇಲೆ ಸಮಾಧಾನವಾಗಿ, ಒಬ್ಬನೇ ಇದ್ದಾಗ, ತಿಳಿಯುವ ಹಾಗೆ ಹೇಳಬಹುದು. ನಾಲ್ಕು ಜನರೆದುರು ಯಾಕೆ? ಆದರೆ ಮನೆಯಲ್ಲಿ ಅತ್ತೆ ಇರುತ್ತಾಳೆ. ಇಸ್ತ್ರಿ ಮಾಡಿ ಗೂಟಕ್ಕೆ ಹಾಕಿದ ಖಾಕಿ ಅಂಗಿ ಇರುತ್ತದೆ. ಇವತ್ತು ಬೇಡ, ನಾಳೆ ಹೇಳೋಣ ಎಂದು ಅನ್ನಿಸುತ್ತದೆ. ನಾಳೆ ಕಳೆದರೆ ಸೋಮವಾರ. ತನ್ನನ್ನು ತಾನು ಅವಳು ಬಲ್ಲಳು. ಇಲ್ಲಿ ಆಡದ ಮಾತನ್ನು ಅಲ್ಲಿ ಆಡಲಾರಳು.

ಮಾತನ್ನು ಹೇಗೆ ಜೋಡಿಸಿದರೂ ಅದು ಮೆತ್ತಗಾಗಲಿಲ್ಲ.

"ಮಿಷನ್ ಚಲೋ ಐತ್ರಿ," ಎಂದಳು.

"ಅಂದ್ರಿ ನೋಡ್ರಿ ಅಕ್ಕಾರ!" ಎಂದು ಕಳಕೇಶ ಚಪ್ಪಾಳೆ ತಟ್ಟಿದ.

ರಾಯಣ್ಣನ ನಗು ಅರ್ಧಕ್ಕೆ ನಿಂತಿತು. "ಚಲೋ ಐತಿ? ಅಂದ್ರ ನಾ ಹುಚ್ಚ ಏನ? ನೀ ನೋಡಿಲ್ಲ ಅದು ಹ್ಯಾಂಗ ಸಾಯಾಕತ್ತಿತ್ತು?"

"ನೋಡೀನ್ರಿ. ಅದಕ್ಕ ಹೇಳಾಕತ್ತೀನಿ." ಅವಳ ದನಿ ಅವಳಿಗೇ ಬೇರೆಯವರದಂತೆ ಕೇಳಿಸಿತು. "ಒಂದ ಕೆಲಸಾ ಮಾಡ್ತೀರೇನ್ರಿ? ನನ್ನ ಕಡೆ ನೋಡಬ್ಯಾಡ್ರಿ. ಅಲ್ಲೇ ನಿಂತು ಕಳಕೇಶನ ಮೂಗು ನೋಡ್ರಿ."

"ನನ್ನ ಮೂಗಿನ್ಯಾಗ ಏನೈತ್ರಿ ಅಕ್ಕಾರ?" ಎಂದ ಕಳಕೇಶ, ಮೂಗು ಮುಟ್ಟಿಕೊಂಡು.

"ಅಲ್ಲಾಡಬ್ಯಾಡಪಾ ಸ್ವಲ್ಪ."

ರಾಯಣ್ಣ ಕಳಕೇಶನ ಮೂಗು ನೋಡಿದ. ಹೆಂಡತಿಯದು ಏನೋ ಹುಚ್ಚಾಟ ಎಂಬಂತೆ ತುಟಿಯಂಚಿನಲ್ಲಿ ನಗು ಬಂದಿತ್ತು. ಮಹೇಶ್ವರಿ ಮೈಮುನಬಿಯ ಹತ್ತಿರ ಹೋಗಿ ಸ್ಟೀಲಿನ ಜಾರನ್ನು ಕೈಗೆ ತೆಗೆದುಕೊಂಡಳು. ಅವಳು ಗಂಡನ ಎಡಕ್ಕೆ ಬಂದು ನಿಂತು, ಜಾರನ್ನು ಅವನ ಮುಖಕ್ಕೆ ತೋಳಿನಷ್ಟು ದೂರದಲ್ಲಿ, ಕಣ್ಣಿನ ಮಟ್ಟಕ್ಕೆ ಹಿಡಿದಳು. ಟ್ಯೂಬ್‌ಲೈಟಿನ ಬೆಳಕಿಗೆ ಅದು ಹೊಳೆಯುತ್ತಿತ್ತು.

"ನನ್ನ ಕೈಯಾಗ ಏನೈತಿ ಹೇಳ್ರಿ."

"ಕೈ ಮುಂದ ತಂದ್ರ ಹೇಳ್ತೀನಿ. ಹಿಂದ ಬಚ್ಚಿಟ್ಟು ಕೇಳಿದ್ರ?"

"ಮುಂದ ಐತ್ರಿ."

"ಎಲ್ಲಿ?"

ಅವಳು ಜಾರನ್ನು ಅಲುಗಾಡಿಸಿದಳು. ಅವನು ರೆಪ್ಪೆ ಕೂಡ ಆಡಿಸದೆ ಕಳಕೇಶನ ಮೂಗನ್ನೇ ನೋಡುತ್ತಿದ್ದ. ಕಳಕೇಶನ ಬಾಯಿ ಮೆಲ್ಲಗೆ ತೆರೆದುಕೊಂಡಿತು. "ಅಣ್ಣಾರ..." ಎಂದ. ಮೈಮುನಬಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಆ ಇಬ್ಬರ ಮುಖ ನೋಡಿ ರಾಯಣ್ಣನ ತುಟಿಯಂಚಿನ ನಗು ಹೋಯಿತು. ಅವನು ಸರಕ್ಕನೆ ಕತ್ತು ತಿರುಗಿಸಿದ. ಎದುರಿಗೇ ಜಾರು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

"ಈಗ ತಂದಿ."

"ಇಲ್ಲರಿ. ಆವಾಗಿಂದ ಹಿಡಕೊಂಡೀನಿ."

ಅವನು ಕಳಕೇಶನ ಕಡೆ ನೋಡಿದ. ಕಳಕೇಶ ನೆಲ ನೋಡಿದ.

"ಇನ್ನೊಮ್ಮೆ ಹಿಡಿ," ಎಂದ ರಾಯಣ್ಣ. ಗೋಡೆಯ ಗಡಿಯಾರದ ಮೇಲೆ ಕಣ್ಣಿಟ್ಟ. ಅವಳು ಹಿಡಿದಳು. ಅವನು ಎಡಗೈಯನ್ನು ಚಾಚಿ ಗಾಳಿಯಲ್ಲಿ ತಡವರಿಸಿದ. ಕೈ ಜಾರಿಗೆ ತಾಗಿ ಟಣ್ಣೆಂದಿತು. ತಾಗಿದ ಮೇಲೂ ಅವನು ಗಡಿಯಾರವನ್ನೇ ನೋಡುತ್ತಿದ್ದ. ಬೆರಳು ಮಾತ್ರ ಸ್ಟೀಲಿನ ಅಂಚನ್ನು ಹಿಡಿದು, ಸುತ್ತ ಸವರಿ, ಹಿಡಿಯನ್ನು ಹುಡುಕಿ ನಿಂತವು.

"ನನಗ ಎಲ್ಲೂ ಕತ್ತಲಿ ಅನ್ನೂದ ಕಾಣೂದಿಲ್ಲಲ್ಲ," ಎಂದ. "ಎಲ್ಲಾ ಚಲೋ ಕಾಣಾಕತ್ತೈತಿ. ಅಲ್ಲಿ ಕತ್ತಲಿ ಇದ್ದಿದ್ರ ನನಗ ಗೊತ್ತಾಗತಿತ್ತಿಲ್ಲೋ?"

ಆಟ ತನ್ನಷ್ಟಕ್ಕೆ ತಾನು ಮೊದಲಿನಿಂದ ಶುರುವಾಗಿ ಸಣ್ಣ ಸಂಗೀತ ಬಾರಿಸುತ್ತಿತ್ತು. ಕಳಕೇಶ ಹೋಗಿ ಸ್ವಿಚ್ಚು ಆರಿಸಿದ.

"ನಮ್ಮ ಯಜಮಾನ್ರಿಗೂ ಲಕ್ವಾ ಹೊಡದು ಹಿಂಗ ಒಂದ ಕಡೆ ಹೋಗಿತ್ತವಾ," ಎಂದಳು ಮೈಮುನಬಿ ಮೆಲ್ಲಗೆ, ಮಹೇಶ್ವರಿಗೆ. "ಅವರದು ಕೈ ಹೋಗಿತ್ತು. ಇದು ಕಣ್ಣಿಂದು. ಲಗೂ ತೋರಸ್ರಿ." ಜಾರನ್ನು ತೆಗೆದುಕೊಳ್ಳುವಾಗ ಅವಳ ಮೊಣಕೈಯನ್ನು ಒಂದು ಕ್ಷಣ ಹಿಡಿದು ಬಿಟ್ಟಳು.

"ನೀರ ತರಸ್ಲೇನ್ರಿ ಅಣ್ಣಾರ? ಚಾ?" ಎಂದ ಕಳಕೇಶ.

"ಬ್ಯಾಡ." ರಾಯಣ್ಣ ಸ್ಟೂಲನ್ನು ಎತ್ತಿ ಅದರ ಜಾಗಕ್ಕೆ ಸರಿಸಿಟ್ಟ. ಬಾಗಿಲ ತನಕ ಹೋಗಿ ತಿರುಗಿದ. "ಯಾರರ ಇದನ್ನ ನೋಡಾಕ ಬಂದ್ರ ಚಲೋ ಐತಿ ಅಂತ ಹೇಳು, ಕಳಕೇಶ. ರೋಣದ ಮಹೇಶ್ವರಿ ನೋಡ್ಯಾಳ ಅನ್ನು."

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಪೇಟೆಯ ರಸ್ತೆಯಲ್ಲಿ ಟಂಟಂ ರಿಕ್ಷಾಗಳು, ತಳ್ಳುಗಾಡಿಗಳು, ಹಾರ್ನು ಬಾರಿಸುತ್ತ ನುಗ್ಗುವ ಮೋಟಾರ್ ಸೈಕಲ್ಲುಗಳು. ಅವನು ಪಾವಟಿಗೆಯ ಮೇಲೆ ನಿಂತುಬಿಟ್ಟ. ಇಳಿಯಲಿಲ್ಲ. ಅವಳು ಅವನ ತೋಳಿಗೆ ಕೈ ಹಾಕಲೆಂದು ಮುಂದೆ ಚಾಚಿದವಳು, ಏನೋ ಅನ್ನಿಸಿ ತಡೆದಳು. ಸಂತೆಯ ದಿನವೂ ಅವಳ ಕೈ ಹಿಡಿದು ನಡೆಯದ ಗಂಡ. ಆಮೇಲೆ ಅವನೇ, ಅವಳನ್ನು ನೋಡದೆ, ಮೊಣಕೈಯನ್ನು ಮೈಯಿಂದ ತುಸು ದೂರ ಹಿಡಿದ. ಅವಳು ಹಿಡಿದುಕೊಂಡಳು.

ಬಸ್‌ಸ್ಟ್ಯಾಂಡಿನಲ್ಲಿ ರೋಣದ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತರು. ತಾನು ಏನು ಮಾಡಿದೆ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಲೆಕ್ಕ ಮುಗಿಯುತ್ತಲೇ ಇರಲಿಲ್ಲ. ನಾಲ್ಕು ಜನರೆದುರು, ಮುದುಕಿಯ ಮಿಕ್ಸರಿನ ಜಾರು ಹಿಡಿದು! ಬೇರೆ ರೀತಿ ಇತ್ತೇ? ಇದ್ದಿರಬಹುದು. ಅವಳಿಗೆ ಸಿಕ್ಕಿರಲಿಲ್ಲ. ಅವನು ಬೈದರೆ ಬೈಯಲಿ ಎಂದು ಕಾದಳು. ಅವನು ಬೈಯಲಿಲ್ಲ. ಬಹಳ ಹೊತ್ತು ಮೊಬೈಲನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದ. ಆಮೇಲೆ ಶಾಲೆಯವರಿಗೆ ಹಚ್ಚಿ ಕಿವಿಗಿಟ್ಟುಕೊಂಡ.

"ಸರ್, ನಮಸ್ಕಾರ್ರಿ. ನಾ ರಾಯಣ್ಣರಿ... ಆರಾಮ್ರಿ... ಹೌದ್ರಿ, ಅದ ಸೋಮವಾರದ ಮಾತ್ರಿ. ಹನಮಪ್ಪ ಚಲೋ ಹೊಡ್ಯಾಕತ್ಯಾನಿಲ್ರಿ?" ಆ ಕಡೆಯವರು ಏನೋ ಹೇಳಿದರು. "ಆತನೇ ಇರ್ಲಿ ಬಿಡ್ರಿ ಸರ್. ನಾ ಬರೂದಿಲ್ರಿ... ಇಲ್ರಿ, ಕೈಕಾಲ ಗಟ್ಟಿ ಅದಾವ್ರಿ. ಕಣ್ಣ ತೋರಸ್ಬೇಕಾಗೇತ್ರಿ." ಮತ್ತೆ ಕೇಳಿಸಿಕೊಂಡ. "ಎಷ್ಟ ದಿನ ಅಂತ ಹೇಳಾಕ ಬರೂದಿಲ್ರಿ. ಆತನ್ನ ಕಾಯಂ ಮಾಡೂದಿದ್ರ ಮಾಡ್ಕೋರಿ... ಸರ್, ಇನ್ನೊಂದ ಮಾತ್ರಿ. ಎಡಗಡೆ ಬಾಗಲದ ಚಿಲಕ ಸ್ವಲ್ಪ ಬಿಗಿ ಐತ್ರಿ. ಎತ್ತಿ ಹಾಕಬೇಕ್ರಿ ಅದನ್ನ. ಹನಮಪ್ಪಗ ಹೇಳ್ರಿ."

ಮೊಬೈಲು ಅಂಗಿಯ ಕಿಸೆಗೆ ಹೋಯಿತು. ಎದುರಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾವಕಾಶವಾಗಿ ತಿರುಗುತ್ತಿದ್ದವು.

ರಾಯಣ್ಣ ಗುಡ್ಡದ ಕಡೆ ನೆಟ್ಟಗೆ ನೋಡುತ್ತ ಕೂತ. ಆಮೇಲೆ ಕತ್ತನ್ನು ಎಡಕ್ಕೆ, ಅವಳು ಕೂತಿದ್ದ ಕಡೆಗೆ, ಒಂದಿಷ್ಟು ತಿರುಗಿಸಿದ. ಅಲ್ಲಿಗೇ ತಡೆದ. ಇನ್ನೊಂದಿಷ್ಟು ತಿರುಗಿಸಿದ. ಅವಳ ಮಡಿಲು, ಬಳೆ, ಮುಖ ಒಂದೊಂದಾಗಿ ಕಂಡಿರಬೇಕು. ಕಣ್ಣು ಅವಳ ಕಣ್ಣಿಗೆ ಬಂದು ತಾಗಿತು. ಅವನು ಮತ್ತೆ ಮೆಲ್ಲಗೆ ಗುಡ್ಡದ ಕಡೆ ತಿರುಗಿದ. ತುಸು ಹೊತ್ತು ಬಿಟ್ಟು ಇನ್ನೊಮ್ಮೆ ಹಾಗೆಯೇ, ಎಲ್ಲಿಂದ ಅವಳು ಶುರುವಾಗುತ್ತಾಳೆ ಎಂದು ನೋಡುವವನಂತೆ, ಕತ್ತನ್ನು ಎಡಕ್ಕೆ ತರತೊಡಗಿದ. ಮಹೇಶ್ವರಿ ಅಲುಗಾಡದೆ ಕೂತಳು.